ನಡುಮನೆಯ ಮಕ್ಕಳು

ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಎಂ.ಕೆ. ಹುಬ್ಬಳ್ಳಿಯ ಹತ್ತಿರ ಹೆದ್ದಾರಿ ದಾಟಿ, ಬೈಲಹೊಂಗಲ ಸೀಮೆಯ ಎರೆಹೊಲಗಳ ಬದಿಗೆ ಹಾದು, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಂತು, ಮುನವಳ್ಳಿ ಮುಟ್ಟಿ ರಾಮದುರ್ಗದ ಕಡೆ ಹೋಗುತ್ತದೆ. ನನ್ನ ನೌಕರಿಯೂ ಹೆಚ್ಚುಕಡಿಮೆ ಇದೇ ಹೊಳೆಗುಂಟ ಸಾಗಿತು. ಮೊದಲು ಊರ ಶಾಲೆಯ ಶಿಕ್ಷಕಿ. ಆಮೇಲೆ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದು ವಲಯಕ್ಕೊಬ್ಬರು ಇಬ್ಬರಂತೆ ನೇಮಿಸುವ ಸಂಪನ್ಮೂಲ ಶಿಕ್ಷಕಿ. ಇಲಾಖೆಯಲ್ಲಿ ಬಿಐಇಆರ್‌ಟಿ ಎನ್ನುತ್ತಾರೆ. ಊರವರಿಗೆ ಆ ಹೆಸರು ನಾಲಿಗೆಗೆ ಹತ್ತಲಿಲ್ಲ. ‘ಕುಂಟ ಹುಡುಗರ ಅಕ್ಕೋರು’ ಎಂದರು, ‘ಮೂಕ ಹುಡುಗರ ಅಕ್ಕೋರು’ ಎಂದರು, ಕಡೆಗೆ ಬರೀ ‘ಅಕ್ಕೋರು’ ಎಂದರು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಬೆಳಗಾವಿ ಶೈಕ್ಷಣಿಕ ಜಿಲ್ಲೆಯ ವಲಯಗಳು. ಕಿತ್ತೂರು ತಾಲ್ಲೂಕಾಗುವ ಮುಂಚೆಯೇ ಶಿಕ್ಷಣ ಇಲಾಖೆಯಲ್ಲಿ ಅದಕ್ಕೆ ಬೇರೆ ವಲಯ ಇತ್ತು. ಚೆನ್ನಮ್ಮನ ಕೋಟೆ ಇರುವ ಆ ಕಡೆ ಮಳೆ ಜಾಸ್ತಿ, ಮನೆಗಳು ಹತ್ತಿರ ಹತ್ತಿರ. ರಾಮದುರ್ಗದ ಮೂಡಣ ಊರುಗಳಿಗೆ ಹೋದರೆ ಬಿಸಿಲು, ಕಲ್ಲು, ಒಂದು ಬಸ್ಸು ತಪ್ಪಿದರೆ ಮತ್ತೊಂದಕ್ಕೆ ಮಧ್ಯಾಹ್ನದವರೆಗೆ ಕಾಯಬೇಕು. ಭೂಮಿಯ ಈ ವ್ಯತ್ಯಾಸವನ್ನು ಹೇಳುವುದಕ್ಕೆ ಕಾರಣವಿದೆ. ಕಾನೂನು ನಾಲ್ಕೂ ಕಡೆ ಒಂದೇ ಆಗಿತ್ತು. ಅದು ಮಗುವಿನ ಹೊಸ್ತಿಲಿಗೆ ಬಂದು ಮುಟ್ಟುವ ದಾರಿ ಮಾತ್ರ ಊರಿಗೊಂದು ಥರ ಇತ್ತು.

1994ರ ಹೊತ್ತಿಗೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ನಾವು ಡಿಪಿಇಪಿ ಅಂತ ಕರೆಯುತ್ತಿದ್ದದ್ದು, ಕರ್ನಾಟಕಕ್ಕೆ ಬಂತು. ಮೊದಲ ಸುತ್ತಿನಲ್ಲಿ ಆರಿಸಿದ ನಾಲ್ಕು ಜಿಲ್ಲೆಗಳಲ್ಲಿ ಬೆಳಗಾವಿಯೂ ಒಂದು. ಉಳಿದವು ಕೋಲಾರ, ಮಂಡ್ಯ, ರಾಯಚೂರು. ಹೊಸ ಕೋಣೆಗಳು ಎದ್ದವು, ತರಬೇತಿಗಳು ನಡೆದವು, ಹೆಣ್ಣುಮಕ್ಕಳನ್ನು ಶಾಲೆಗೆ ಕರೆತರುವ ಜಾಥಾಗಳಲ್ಲಿ ನಾವೂ ಘೋಷಣೆ ಕೂಗಿದೆವು. ಅಂಗವಿಕಲ ಮಕ್ಕಳ ಮಾತು ಆ ಕಾರ್ಯಕ್ರಮದೊಳಗೆ ತಡವಾಗಿ ಸೇರಿತು. ಕೇಂದ್ರ ಸರ್ಕಾರ 1974ರಲ್ಲೇ ಇಂಥ ಮಕ್ಕಳನ್ನು ಸಾಮಾನ್ಯ ಶಾಲೆಯಲ್ಲಿ ಕೂಡಿಸಿ ಓದಿಸುವ ಯೋಜನೆ ತಂದಿತ್ತು. 1995ರಲ್ಲಿ ಕಾಯ್ದೆಯೂ ಆಯಿತು. ಆದರೂ ನಾನು ಶಿಕ್ಷಕಿಯಾಗಿ ಸೇರಿದಾಗ ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಕುರುಡು ಮಗುವಾಗಲಿ ಕಿವುಡು ಮಗುವಾಗಲಿ ಒಂದೂ ಇರಲಿಲ್ಲ. ಊರಲ್ಲಿ ಇರಲಿಲ್ಲವೆಂದಲ್ಲ. 2001ರ ನಂತರ ಸರ್ವ ಶಿಕ್ಷಣ ಅಭಿಯಾನ ಬಂದು, ಯಾವ ಮಗುವನ್ನೂ ಶಾಲೆಯಿಂದ ವಾಪಸ್ ಕಳಿಸಕೂಡದು ಎಂಬ ನಿಯಮ ಹಾಕಿ, ‘ಸಮನ್ವಯ ಶಿಕ್ಷಣ’ ಅಂತ ಬೇರೆ ವಿಭಾಗವನ್ನೇ ಮಾಡಿದ ಮೇಲೆ ನಾವು ಮಕ್ಕಳನ್ನು ಹುಡುಕಲು ಹೊರಟೆವು.

ಹುಡುಕುವುದು ಎಂದೇ ಹೇಳಬೇಕು. ಪ್ರತಿ ವರ್ಷ ಮಕ್ಕಳ ಗಣತಿಗೆ ಹೋದಾಗ ಪಡಸಾಲೆಯಲ್ಲಿ ಕೂಡಿಸಿ ಚಹಾ ಕೊಡುತ್ತಿದ್ದರು.

“ಎಷ್ಟ ಮಕ್ಕಳವ್ವಾ?”

“ಎರಡ್ರಿ ಅಕ್ಕೋರ. ಒಂದ ಗಂಡ, ಒಂದ ಹೆಣ್ಣ.”

ಬರೆದುಕೊಂಡು ಏಳುವಾಗ ನಡುಮನೆಯ ಕತ್ತಲೊಳಗಿಂದ ಒಂದು ಸದ್ದು. ಕೇಳಿದರೆ ಆ ತಾಯಿ ನೆಲ ನೋಡುತ್ತಾಳೆ. ಅತ್ತೆ ಉತ್ತರ ಕೊಡುತ್ತಾಳೆ: “ಅದೊಂದ ಐತ್ರಿ. ಅದಕ್ಕೇನ ಸಾಲಿ? ಅದು ಹಂಗ ಹುಟ್ಟೈತಿ.” ಹೊರಸಿನ ಮೇಲೆ ಏಳೆಂಟು ವರ್ಷದ ಮಗು. ಮೈಮೇಲೆ ತೊಳೆದ ಅಂಗಿ, ತಲೆಗೆ ಎಣ್ಣೆ, ಹಣೆಗೆ ವಿಭೂತಿ. ಯಾರೂ ಅದನ್ನು ಕಡೆಗಣಿಸಿರಲಿಲ್ಲ. ಪ್ರೀತಿಗೆ ಕೊರತೆ ಇರಲಿಲ್ಲ, ಆ ಮಗು ಲೆಕ್ಕಕ್ಕೆ ಬರುತ್ತದೆ ಎಂಬ ನಂಬಿಕೆ ಇರಲಿಲ್ಲ. ನಾನು ನೋಡಿದ ಬಹುಪಾಲು ಮನೆಗಳ ಮಾತು ಇದು. ಹಳ್ಳಿಯವರು ಇಂಥ ಮಕ್ಕಳನ್ನು ಬಚ್ಚಿಡುತ್ತಾರೆ ಎಂದು ನಗರದ ತರಬೇತಿಗಳಲ್ಲಿ ಯಾರಾದರೂ ಹೇಳಿದಾಗಲೆಲ್ಲ ಆ ಎಣ್ಣೆ ಹಚ್ಚಿದ ತಲೆ ನೆನಪಾಗಿ ನಾನು ಎದ್ದು ನಿಂತು ಉತ್ತರ ಕೊಟ್ಟಿದ್ದೇನೆ.

ಹುಟ್ಟು ಕಿವುಡಿನ ಮಕ್ಕಳು ಒಂದೇ ಮನೆಯಲ್ಲಿ ಇಬ್ಬರು ಮೂವರು ಸಿಗುತ್ತಿದ್ದದ್ದೂ ಉಂಟು. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ಮುಗಿದ ಮಾತಲ್ಲ. ರಕ್ತಸಂಬಂಧದ ಮದುವೆ ಒಂದು ಕಾರಣವಾಗಬಲ್ಲದು ಎಂದು ತಪಾಸಣೆಗೆ ಬಂದ ಡಾಕ್ಟರು ತಾಳ್ಮೆಯಿಂದ ತಿಳಿಸಿ ಹೇಳುವರು. ಹಿರಿಯರು ತಲೆಯಾಡಿಸುವರು. ಮರುವರ್ಷ ಅದೇ ಮನೆಯ ಮದುವೆ ಚೀಟಿ ನನಗೆ ಬರುವುದು, ಹುಡುಗ ಹುಡುಗಿ ಮತ್ತೆ ಒಳಗಿನವರೇ. ಹೊಲ ಒಡೆಯಬಾರದು, ಮಗಳು ಕಣ್ಣೆದುರು ಇರಬೇಕು ಎಂಬ ಲೆಕ್ಕದ ಮುಂದೆ ಡಾಕ್ಟರ ಮಾತು ನಿಲ್ಲುತ್ತಿರಲಿಲ್ಲ.

ಸವದತ್ತಿಯಲ್ಲಿ ಇನ್ನೊಂದು ದಾರಿಯಿತ್ತು. ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂತೆಂದರೆ ಗುಡ್ಡದ ಕಡೆ ಚಕ್ಕಡಿಗಳ ಸಾಲು. ನಡೆಯದ ಮಗುವನ್ನು, ಮಾತು ಬಾರದ ಮಗುವನ್ನು ಹೆಗಲ ಮೇಲೆ ಹೊತ್ತು ಎಲ್ಲಮ್ಮನ ಹರಕೆ ಮುಟ್ಟಿಸಲು ಬಂದವರನ್ನು ನಾನು ಕಂಡಿದ್ದೇನೆ. ರಾಮದುರ್ಗದ ಕಡೆಯವರು ಗೊಡಚಿಯ ವೀರಭದ್ರನಿಗೂ ಹೊತ್ತಿರುತ್ತಿದ್ದರು. ಆ ತಾಯಂದಿರಿಗೆ ನಾನು ಗುಡ್ಡಕ್ಕೆ ಹೋಗಬೇಡಿ ಎಂದು ಎಂದೂ ಹೇಳಲಿಲ್ಲ. “ಹುಣ್ಣಿವಿಗೆ ಗುಡ್ಡಕ್ಕ ಹೋಗ್ರಿ, ಬುಧವಾರ ಬಿಆರ್‌ಸಿಗೆ ಬರ್ರಿ” ಎಂದೆ. ಬಿಆರ್‌ಸಿ ಎಂದರೆ ವಲಯದ ಕ್ಷೇತ್ರ ಸಂಪನ್ಮೂಲ ಕೇಂದ್ರ. ಅಷ್ಟು ದೂರದಿಂದ ಮಗುವನ್ನು ಹೊತ್ತು ತರುವ ತಾಯಿ ಬಿಆರ್‌ಸಿಗೂ ಹೊತ್ತು ತರುತ್ತಾಳೆ ಎಂಬ ನನ್ನ ನಂಬಿಕೆಯನ್ನು ಹೆಚ್ಚಿನವರು ಉಳಿಸಿಕೊಟ್ಟರು.

ಬಿಆರ್‌ಸಿಯ ವೈದ್ಯಕೀಯ ತಪಾಸಣಾ ಶಿಬಿರದ ದಿನ ಬೆಳಿಗ್ಗೆ ಎಂಟಕ್ಕೇ ಅಂಗಳ ತುಂಬುತ್ತಿತ್ತು. ಎಲುಬು ಕೀಲಿನ ಡಾಕ್ಟರು, ಕಿವಿ ಮೂಗು ಗಂಟಲಿನವರು, ಕಣ್ಣಿನವರು, ಬುದ್ಧಿ ಬೆಳವಣಿಗೆ ನೋಡುವವರು ಒಂದೊಂದು ಮೇಜು ಹಾಕಿಕೊಂಡು ಕೂಡುತ್ತಿದ್ದರು. ಮಗುವಿಗೆ ಬೇಕಾದದ್ದು ಕಾಲಿಗೆ ಆಸರೆಯ ಕ್ಯಾಲಿಪರೋ, ಗಾಲಿಕುರ್ಚಿಯೋ, ಕಿವಿಯ ಮಷೀನೋ ಎಂದು ಬರೆದು ಅಳತೆ ತೆಗೆದುಕೊಳ್ಳುವರು. ಯಾರಿಗೆ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವಿಕಲತೆ ಇದೆಯೋ ಅವರಿಗೆ ಪ್ರಮಾಣಪತ್ರದ ದಾರಿ ತೆರೆಯುತ್ತದೆ. ಬಹಳ ಜನ ಬರುತ್ತಿದ್ದದ್ದು ಅದಕ್ಕೇ. “ಹುಡುಗ್ಗ ಪಗಾರ ಬರತೈತೇನ್ರಿ?” ಎಂಬುದು ಅಪ್ಪಂದಿರ ಮೊದಲ ಪ್ರಶ್ನೆ. ಪಗಾರ ಎಂದರೆ ಮಾಸಾಶನ. ಅದನ್ನು ಕೇಳಿ ಕೆಲವು ಸಹೋದ್ಯೋಗಿಗಳು ಬೇಸರ ಮಾಡಿಕೊಳ್ಳುತ್ತಿದ್ದರು. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಕೂಲಿ ಬಿಟ್ಟು ಬಂದವನು ಮೊದಲು ಕೂಲಿಯ ಮಾತನ್ನೇ ಆಡುತ್ತಾನೆ. ಪಗಾರಕ್ಕೆಂದು ಬಂದ ಕಾಗದದ ಹಿಂದೆಯೇ ಶಾಲೆಯ ದಾಖಲಾತಿಯನ್ನೂ ಮಾಡಿಸಿದೆವು.

ಅಳತೆ ತೆಗೆದುಕೊಂಡ ಮೇಲೆ ಪಟ್ಟಿ ಜಿಲ್ಲೆಗೆ ಹೋಗಬೇಕು, ಮಂಜೂರಾಗಬೇಕು, ಸಾಧನ ತಯಾರಾಗಬೇಕು, ಲಾರಿಯಲ್ಲಿ ಬರಬೇಕು, ವಿತರಣಾ ಸಮಾರಂಭಕ್ಕೆ ಅತಿಥಿಗಳ ದಿನ ಸಿಗಬೇಕು. ಇಷ್ಟೆಲ್ಲ ಆಗುವುದರೊಳಗೆ ಮಗು ಬೆಳೆದಿರುತ್ತದೆ. ನವೆಂಬರದಲ್ಲಿ ಅಳತೆ ಕೊಟ್ಟ ಹುಡುಗನಿಗೆ ಮರು ಜೂನದಲ್ಲಿ ಕ್ಯಾಲಿಪರ್ ತೊಡಿಸಿದರೆ ತೊಡೆಯ ಪಟ್ಟಿ ಮುಟ್ಟದು. ಬಸ್‌ಸ್ಟ್ಯಾಂಡಿನ ಬದಿಗೆ ಚಪ್ಪಲಿ ಹೊಲಿಯುವ ಒಬ್ಬ ಹಿರಿಯರು ಚರ್ಮದ ತುಂಡು ಜೋಡಿಸಿ, ಬಕ್ಕಲು ಹೊಲಿದು ಕೊಡುತ್ತಿದ್ದರು. ಮಗು ನಡೆದು ತೋರಿಸುವವರೆಗೆ ದುಡ್ಡು ಮುಟ್ಟುತ್ತಿರಲಿಲ್ಲ. ಅಂಥವರೊಬ್ಬರನ್ನು ಪ್ರತಿ ತಾಲ್ಲೂಕಿನಲ್ಲೂ ದಿನಗೂಲಿಗೆ ಇಟ್ಟುಕೊಳ್ಳಿ ಎಂದು ನಾನು ಸಭೆಗಳಲ್ಲಿ ಕೇಳುತ್ತ ಬಂದೆ. ರಿಪೇರಿಗೆ ಬಜೆಟ್ಟಿನಲ್ಲಿ ಲೆಕ್ಕಶೀರ್ಷಿಕೆಯೇ ಇರಲಿಲ್ಲ.

ಕಿವಿಯ ಮಷೀನಿನ ಕಷ್ಟ ಬೇರೆ. ಮೊದಮೊದಲು ಕೊಡುತ್ತಿದ್ದದ್ದು ಎದೆಯ ಮೇಲೆ ಜೋಲು ಹಾಕಿಕೊಂಡು ವೈರು ಕಿವಿಗೆ ಏರಿಸುವ ಡಬ್ಬಿ. ಮೂರು ತಿಂಗಳು ಬಿಟ್ಟು ಮನೆಗೆ ಹೋದರೆ ಹುಡುಗಿಯ ಕಿವಿ ಖಾಲಿ. “ಕಳದ ಹೋದೀತಂತ ಟ್ರಂಕಿನಾಗ ಇಟ್ಟೀನ್ರಿ ಅಕ್ಕೋರ” ಎಂದು ತಾಯಿ ಕರವಸ್ತ್ರದಲ್ಲಿ ಸುತ್ತಿದ್ದನ್ನು ತೆಗೆದು ತೋರಿಸುವಳು. ಬೆಲೆಬಾಳುವ ವಸ್ತುವನ್ನು ಕಾಪಾಡುವುದು ಹೀಗೆಂದೇ ಅವಳಿಗೆ ಗೊತ್ತು. ಸೆಲ್ಲು ಮುಗಿದಿರುತ್ತದೆ, ಆ ಸೆಲ್ಲು ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಸಿಗದು. ಕಿವಿ ಬೆಳೆದು ಅಚ್ಚು ಸಡಿಲಾದರೆ ಮಷೀನು ಸಿಳ್ಳೆ ಹಾಕುತ್ತದೆ, ತರಗತಿಯ ಹುಡುಗರು ನಗುತ್ತಾರೆ, ಮಗು ಅದನ್ನು ಮತ್ತೆ ಹಾಕಿಕೊಳ್ಳುವುದಿಲ್ಲ. ಕೇಳಿಸಿದ ಸದ್ದಿಗೆ ಅರ್ಥ ಕಟ್ಟಿಕೊಡಲು ದಿನಾ ಯಾರಾದರೂ ಎದುರು ಕೂತು ಮಾತಾಡಿಸಬೇಕು. ಆ ‘ಯಾರಾದರೂ’ ಲಾರಿಯಲ್ಲಿ ಬರುತ್ತಿರಲಿಲ್ಲ.

ನಾನು ಹೇಳಬೇಕೆಂದಿರುವುದು ಇದನ್ನೇ. ಸರ್ಕಾರದ ನೆರವು ಬರಲಿಲ್ಲವೆಂದು ನಾನು ಹೇಳಲಾರೆ. ಬಂತು, ವರ್ಷದಿಂದ ವರ್ಷಕ್ಕೆ ಹೆಚ್ಚಾಗಿ ಬಂತು. ಸರ್ವ ಶಿಕ್ಷಣ ಅಭಿಯಾನದಲ್ಲಿ ಮಗುವೊಂದಕ್ಕೆ ವರ್ಷಕ್ಕೆ 1200 ರೂಪಾಯಿ ಇದ್ದದ್ದು 3000 ಆಯಿತು. 2018ರಲ್ಲಿ ಅದರ ಬದಲಿಗೆ ಸಮಗ್ರ ಶಿಕ್ಷಣ ಯೋಜನೆ ಬಂದಾಗ 3500 ಆಯಿತು. ಈ ಹಣ ಮಗುವಿನ ಕೈಗೆ ಬರುವಂಥದ್ದಲ್ಲ. ಮಕ್ಕಳ ತಲೆ ಎಣಿಸಿ ಜಿಲ್ಲೆಗೆ ಒಟ್ಟು ಮೊತ್ತ ಹಾಕಿ, ಅದರೊಳಗೆ ಶಿಬಿರ, ಸಾಧನ, ಬ್ರೈಲ್ ಪುಸ್ತಕ, ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ, ತರಬೇತಿ ಎಲ್ಲ ನಡೆಯಬೇಕು. ಪತ್ರಿಕೆಯಲ್ಲಿ ಓದಿದವರು “ನಮ್ಮ ಹುಡುಗನ ಮೂರ ಸಾವಿರ ಎಲ್ಲಿ ಹೋತ್ರಿ?” ಎಂದು ಕೇಳಿದಾಗ ಹೊಲದ ಬದುವಿನ ಮೇಲೆ ಕೂತು ಈ ಲೆಕ್ಕ ಬಿಡಿಸಿ ಹೇಳಿದ್ದೇನೆ. ಸಾಮಾನು ಬಂದಷ್ಟು ಸಲೀಸಾಗಿ ಮನುಷ್ಯರು ಬರಲಿಲ್ಲ, ಅದೇ ನನ್ನ ದೂರು. ಒಂದು ವಲಯದ ನೂರಾರು ಶಾಲೆಗಳಿಗೆ ನಾವು ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರು. ಕಣ್ಣಿಲ್ಲದ ಮಗುವಿಗೆ ಬ್ರೈಲ್ ಕಲಿಸಬೇಕಾದವರೂ, ಬುದ್ಧಿಮಾಂದ್ಯ ಮಗುವಿಗೆ ಅಂಗಿಯ ಗುಂಡಿ ಹಾಕಲು ಕಲಿಸಬೇಕಾದವರೂ, ಪಟ್ಟಿಗಳನ್ನು ಆನ್‌ಲೈನಿಗೆ ಏರಿಸಬೇಕಾದವರೂ ನಾವೇ.

ಬ್ರೈಲ್ ಎಂದಾಗ ಒಬ್ಬ ಹುಡುಗ ನೆನಪಾಗುತ್ತಾನೆ. ಬೆಳಗಾವಿಯಲ್ಲಿ ಮಾಹೇಶ್ವರಿ ಅಂಧರ ಶಾಲೆಯಿದೆ, ವಸತಿಯೂ ಉಂಟು. ನಮ್ಮ ಕಡೆಯ ಎಷ್ಟೋ ಮಕ್ಕಳು ಅಂಥ ಶಾಲೆಗಳಲ್ಲಿ ಓದಿ ಮುಂದೆ ಬಂದಿದ್ದಾರೆ. ಈ ಹುಡುಗನ ಅಜ್ಜಿ ಮಾತ್ರ ಬಿಡಲೊಲ್ಲಳು. ಹಾಗಾಗಿ ಊರ ಶಾಲೆಯಲ್ಲೇ ಸ್ಲೇಟು, ಮೊನೆಕಡ್ಡಿ ಕೊಟ್ಟು ಕೂಡಿಸಿದೆ. ಬರೆಯುವಾಗ ಬಲದಿಂದ ಎಡಕ್ಕೆ ಚುಚ್ಚಬೇಕು, ಹಾಳೆ ತಿರುವಿ ಎಡದಿಂದ ಬಲಕ್ಕೆ ಬೆರಳಾಡಿಸಿ ಓದಬೇಕು. ಆರು ಚುಕ್ಕಿಗಳ ಆಟ ಅವನಿಗೆ ಬೇಗ ಹಿಡಿಯಿತು. ನಾನು ಹೋಗುವುದು ವಾರಕ್ಕೊಮ್ಮೆ, ಕೆಲವೊಮ್ಮೆ ಅದೂ ತಪ್ಪುವುದು. ಕೊನೆಗೆ ಅವನ ಬೆಂಚಿನ ಗೆಳೆಯ ನನ್ನಿಂದ ಬ್ರೈಲ್ ಕಲಿತ. ನಾನಿಲ್ಲದ ದಿನ ತಪ್ಪು ತಿದ್ದುವ ಮಾಸ್ತರ ಅವನೇ. ಆ ಗೆಳೆಯನಿಗೆ ಯಾವ ಯೋಜನೆಯಲ್ಲೂ ಹೆಸರಿಲ್ಲ. ಹತ್ತನೆಯ ಇಯತ್ತೆಯವರೆಗೆ ಇಬ್ಬರೂ ಒಂದೇ ಬೆಂಚು.

ತರಗತಿಯಲ್ಲಿ ಕೂತೂ ಕಾಣದವರು ಇನ್ನೊಂದು ಬಗೆಯ ಮಕ್ಕಳು. ಕೈಕಾಲು ನೆಟ್ಟಗಿವೆ, ಮಾತು ಚುರುಕು, ಹೊಲದ ಲೆಕ್ಕ ಬಾಯಿಯಲ್ಲೇ ಹೇಳುತ್ತಾನೆ, ಓದು ಮಾತ್ರ ಬಾರದು. ಅಂಥವನಿಗೆ ದಡ್ಡ ಎಂಬ ಹೆಸರು ಬಿದ್ದು ಹಿಂದಿನ ಸಾಲು ಗಟ್ಟಿಯಾಗುತ್ತಿತ್ತು. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವಿಕಲತೆಗಳಿದ್ದವು, ಕಲಿಕಾ ನ್ಯೂನತೆ ಅದರಲ್ಲಿ ಇರಲಿಲ್ಲ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ ಅದನ್ನೂ ಆಟಿಸಂ ಅನ್ನೂ ಸೇರಿಸಿತು. ಗುರುತಿಸಬಲ್ಲವರು ತಾಲ್ಲೂಕಿನಲ್ಲಿ ಸಿಗುವುದು ಈಗಲೂ ಕಷ್ಟ. ಹೆಗ್ಗಡದೇವನಕೋಟೆಯಲ್ಲಿ 1995ರ ಸುಮಾರಿಗೆ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದ ನಲಿಕಲಿ ಪದ್ಧತಿ ಇಂಥ ಮಕ್ಕಳಿಗೆ ತಿಳಿಯದಂತೆ ಉಪಕಾರ ಮಾಡಿದೆ ಎಂಬುದು ನನ್ನ ಅನುಭವ. ತನ್ನ ವೇಗಕ್ಕೆ ತಾನು ಮೆಟ್ಟಿಲು ಹತ್ತಬಹುದು, ಪಕ್ಕದವನು ಮುಂದೆ ಹೋದನೆಂದು ಯಾರೂ ಬೆತ್ತ ತೋರುವುದಿಲ್ಲ. ನಾಲ್ಕನೆಯ ಇಯತ್ತೆಗೆ ಬಂದಾಗ ಆ ಆಸರೆ ಹೋಗುತ್ತದೆ, ಗೈರುಹಾಜರಿ ಅಲ್ಲಿಂದ ಶುರು.

ಗೃಹಾಧಾರಿತ ಶಿಕ್ಷಣದ ಬಗ್ಗೆ ನನಗೆ ಎರಡು ಮನಸ್ಸು. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು, ತೀವ್ರ ಹಾಗೂ ಬಹುವಿಧ ಅಂಗವಿಕಲತೆಯ ಮಕ್ಕಳು ಮನೆಯಲ್ಲೇ ಶಿಕ್ಷಣ ಪಡೆಯುವುದನ್ನು ಹಕ್ಕಾಗಿಸಿದರು. ಮನೆಗೆ ಸ್ವಯಂಸೇವಕಿ ಬಂದು ಕಲಿಸುತ್ತಾಳೆ. ಅದು ಬೇಕು. ಆದರೆ ಆ ಹಕ್ಕನ್ನು ಶಾಲೆಗಳು ತಮಗೆ ಸಿಕ್ಕ ರಜೆ ಎಂದು ಓದಿಕೊಂಡದ್ದನ್ನೂ ಕಂಡೆ. ಹಾಜರಿ ಪುಸ್ತಕದಲ್ಲಿ ಹೆಸರು, ಮಗು ಅದೇ ಹೊರಸಿನ ಮೇಲೆ.

ಸುರೇಬಾನದ ಕಡೆಯ ಒಂದು ನೇಕಾರರ ಮನೆ. ಹುಡುಗಿಗೆ ಹುಟ್ಟುವಾಗಲೇ ಮೆದುಳಿಗೆ ಪೆಟ್ಟು, ಕತ್ತು ನಿಲ್ಲದು, ಕೈ ಬಿಗಿ. ಎಲ್ಲ ತಿಳಿಯುತ್ತದೆ, ಮಾತಿಲ್ಲ. ನಮ್ಮ ಪಾಠ ಅಕ್ಷರದಿಂದ ಶುರುವಾಗಲಿಲ್ಲ. ಗೋಡೆಯ ಮೂಲೆಗೆ ತಲೆದಿಂಬು ಒತ್ತಿ ಕೂಡಿಸುವುದು, ಲೋಟ ಹಿಡಿಸುವುದು, ಹೌದು ಎನ್ನಲು ಕಣ್ಣು ಮೇಲೆ, ಅಲ್ಲ ಎನ್ನಲು ಕಣ್ಣು ಮುಚ್ಚುವುದು. ತಂದೆ ಹಳೇ ಮಗ್ಗದ ಕಟ್ಟಿಗೆಯಿಂದ ಆನಿಕೆಯ ಕುರ್ಚಿ ಮಾಡಿದ. ಯಾವ ಶಿಬಿರದ ಕುರ್ಚಿಯೂ ಅವಳ ಮೈಗೆ ಅಷ್ಟು ಸರಿಯಾಗಿ ಕೂತಿರಲಿಲ್ಲ. ವಾರಕ್ಕೆ ಒಂದು ದಿನವಾದರೂ ಶಾಲೆಗೆ ಕರೆದುಕೊಂಡು ಬರೋಣ ಎಂದೆ. ಮುಖ್ಯಗುರುಗಳು ಹೆದರಿದರು. “ಬಿದ್ದಗಿದ್ದರ ಯಾರ ಹೊಣೆರೀ ಟೀಚರ?” ಅವರ ಹೆದರಿಕೆ ಸುಳ್ಳಲ್ಲ, ಒಬ್ಬರೇ ಎರಡು ತರಗತಿ ನೋಡುತ್ತಿದ್ದರು. ದಾರಿ ತೆಗೆದವರು ಬಿಸಿಯೂಟದ ಅಡುಗೆಯವರು. “ತಾಯಿ ಬಂದ ಬಿಟ್ಟ ಹೋಗ್ಲಿ, ನಮ್ಮ ಕಣ್ಣ ಮುಂದ ಇರ್ತಾಳ. ಊಟಾ ನಾವ ಮಾಡಸ್ತೀವಿ” ಎಂದರು. ಅನ್ನ ಸಾಂಬಾರನ್ನು ನುಣ್ಣಗೆ ಕಿವುಚಿ, ಕತ್ತು ಹಿಡಿದು, ತುತ್ತಿಗೆ ತುತ್ತಿಗೆ ಕಾದು ಉಣಿಸಿದರು. ಅವಳ ತರಗತಿಯ ಹುಡುಗಿಯರು ಕಣ್ಣಿನ ಭಾಷೆ ನಮಗಿಂತ ಬೇಗ ಕಲಿತರು. ಒಂದು ದಿನ ಮಗ್ಗಿಯ ಪಾಠದಲ್ಲಿ ಗೆಳತಿಯೊಬ್ಬಳು ತಪ್ಪು ಹೇಳಿದಾಗ ಇವಳು ಗಟ್ಟಿಯಾಗಿ ಕಣ್ಣು ಮುಚ್ಚಿದಳಂತೆ. ಮುಖ್ಯಗುರುಗಳೇ ಫೋನು ಮಾಡಿ ನನಗೆ ಅದನ್ನು ಹೇಳಿದರು.

2019ರ ಆಗಸ್ಟದಲ್ಲಿ ಮಲಪ್ರಭೆ ರಾಮದುರ್ಗಕ್ಕೆ ನುಗ್ಗಿ ಊರನ್ನು ನೀರು ಮಾಡಿತು. ಕಾಳಜಿ ಕೇಂದ್ರಗಳಿಗೆ ಹೋದಾಗ ಒಬ್ಬ ತಾಯಿ ತೋರಿಸಿದ್ದು ಒದ್ದೆಯಾಗಿ ಅಕ್ಷರ ಕದಡಿದ ಅಂಗವಿಕಲ ಪ್ರಮಾಣಪತ್ರ. ಗಾಲಿಕುರ್ಚಿ ಹೋದದ್ದಕ್ಕಿಂತ ಆ ಕಾಗದ ಹೋದದ್ದಕ್ಕೆ ಅತ್ತಳು, ಅದಕ್ಕಾಗಿ ಜಿಲ್ಲಾ ಆಸ್ಪತ್ರೆಗೆ ಎಷ್ಟು ಅಲೆದಿದ್ದಳು ಎಂಬುದು ನನಗೆ ಗೊತ್ತಿತ್ತು. ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಸಂಖ್ಯೆ ಬಂದ ಮೇಲೆ ಈ ಭಯ ಕಡಿಮೆಯಾಯಿತು, ಕಾರ್ಡು ಹೋದರೂ ದಾಖಲೆ ಉಳಿಯುತ್ತದೆ. ನೆರೆಯ ಬೆನ್ನಿಗೇ ಕೊರೊನಾ. ತುಟಿ ನೋಡಿ ಮಾತು ಹಿಡಿಯುವ ಮಕ್ಕಳಿಗೆ ಎಲ್ಲರ ತುಟಿಯೂ ಮಾಸ್ಕಿನ ಹಿಂದೆ ಹೋಯಿತು. ಫಿಸಿಯೋಥೆರಪಿ ನಿಂತು, ಒಂದಿಷ್ಟು ಸಡಿಲಾಗಿದ್ದ ಕೈಕಾಲುಗಳು ಮತ್ತೆ ಬಿಗಿದುಕೊಂಡವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

2023ರ ಜೂನದಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಬಿಟ್ಟಿಯಾದಾಗ ಅದನ್ನು ವಿಶೇಷ ಮಕ್ಕಳ ಯೋಜನೆ ಎಂದು ಯಾರೂ ಕರೆಯಲಿಲ್ಲ. ನನ್ನ ಲೆಕ್ಕದಲ್ಲಿ ಅದು ಅವರ ಯೋಜನೆಯೂ ಹೌದು. ಗಂಡನ ಕೈ ಕಾಯದೆ ತಾಯಿ ಮಗುವನ್ನು ಕಟ್ಟಿಕೊಂಡು ಫಿಸಿಯೋಥೆರಪಿಗೆ ಬರತೊಡಗಿದಳು. ಮಗುವಿನ ಬೆಂಗಾವಲಿಗೆ ಯೋಜನೆಯಲ್ಲಿ ಇಡುವ ಭತ್ಯೆ ತಡವಾಗಿ ಕೈಸೇರುತ್ತಿತ್ತು, ಬಸ್ಸು ಆ ದಿನವೇ ಸಿಗುತ್ತದೆ. ಇನ್ನು ಬೇಕಾದದ್ದು ಬಸ್ಸು ನಿಲ್ಲುವ ಕ್ರಾಸಿನಿಂದ ಮನೆಯವರೆಗಿನ ದಾರಿ. ಹನ್ನೆರಡು ವರ್ಷದ ಮಗನನ್ನು ಬೆನ್ನ ಮೇಲೆ ಹೊತ್ತು ನಡೆಯುವ ತಾಯಿಯ ಸೊಂಟ ಎಷ್ಟು ದಿನ ತಡೆದೀತು? ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗೆಂದು ಶೇ. 5 ಹಣ ಎತ್ತಿಡಬೇಕಿದೆ. ಆಟೊ ಗೊತ್ತು ಮಾಡಲು ಅದನ್ನು ಬಳಸಿರೆಂದು ನಾನು ಅಧ್ಯಕ್ಷರುಗಳ ಬೆನ್ನು ಹತ್ತಿದ್ದೇನೆ, ಈಗಲೂ ಹತ್ತುತ್ತೇನೆ.

2021ರ ಅಕ್ಟೋಬರದಲ್ಲಿ ಸುಪ್ರೀಂ ಕೋರ್ಟು ಸಾಮಾನ್ಯ ಶಾಲೆಗಳ ವಿಶೇಷ ಶಿಕ್ಷಕರ ಬಗ್ಗೆ ತೀರ್ಪು ಕೊಟ್ಟಿತು. ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬುದನ್ನು ಕೇಂದ್ರ ಸರ್ಕಾರ ಗೊತ್ತುಪಡಿಸಬೇಕೆಂದಿತು. ಅದರಂತೆ 2022ರಲ್ಲಿ ಕೇಂದ್ರ ಸರ್ಕಾರ ಪ್ರಾಥಮಿಕದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬರು ಇರಬೇಕೆಂದಿತು. ಅದನ್ನು ಓದಿದ ರಾತ್ರಿ ನಾನು ನನ್ನ ಹಳೇ ವಲಯಗಳ ಮಕ್ಕಳನ್ನು ಹತ್ತರಿಂದ ಭಾಗಿಸುತ್ತ ಕೂತೆ. ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿಗೆ ಒಬ್ಬ ಕಾಯಂ ವಿಶೇಷ ಶಿಕ್ಷಕರು ಬಂದರೂ ಸಾಕು, ನಾನು ವಾರಕ್ಕೊಮ್ಮೆ ಹೋದ ಕಡೆ ಅವರು ದಿನಾ ಇರುತ್ತಾರೆ. ಕಾರ್ಡು, ಕಿಟ್ಟು, ಕುರ್ಚಿ ಯಾವುದೂ ಮಾಡದ್ದನ್ನು ಅದು ಮಾಡುತ್ತದೆ ಎಂದು ನನಗೆ ಖಾತ್ರಿಯಿದೆ.

ಕಳೆದ ವಾರ ಬೈಲಹೊಂಗಲ ತಾಲ್ಲೂಕಿನಿಂದ ಒಂದು ಫೋನು. ಮಂದದೃಷ್ಟಿಯ ಹುಡುಗಿಯ ತಾಯಿ. ಮಗಳು ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳನ್ನು ಬರಹಗಾರ್ತಿಯಾಗಿ ಕೂಡಿಸಿಕೊಂಡು ಎಸ್ಸೆಸ್ಸೆಲ್ಸಿ ಬರೆದು ಪಾಸಾಗಿದ್ದಾಳೆ, ಸರ್ಕಾರಿ ಪಿಯು ಕಾಲೇಜಿಗೆ ಸೇರಿದ್ದಾಳೆ. ಇಂಥ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಪ್ರೋತ್ಸಾಹಧನ ಕಾಲೇಜಿಗೆ ಹೋದರೆ ನಿಂತು ಹೋಗುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದಾರೆ.

“ನಿಂದರೂದಿಲ್ಲವಾ, ಹನ್ನೆರಡನೇತ್ತಾ ತನಕ ಐತಿ,” ಎಂದೆ. “ಆಧಾರ್, ಯುಡಿಐಡಿ ಕಾರ್ಡ, ಬ್ಯಾಂಕ್ ಪಾಸ್‌ಬುಕ್ ಮೂರರದೂ ಝೆರಾಕ್ಸ್ ತಗೊಂಡ ಬಿಆರ್‌ಸಿಗೆ ಹೋಗು. ಕಾಲೇಜಿನ ದಾಖಲಾತಿ ಚೀಟಿ ಮರೀಬ್ಯಾಡ.”

“ದೊಡ್ಡ ಅಕ್ಷರದ ಪುಸ್ತಕಾನೂ ಕೊಡ್ತಾರೇನ್ರಿ ಅಕ್ಕೋರ?”

“ಕೇಳ್ಬೇಕು. ಬಾಯಿಮಾತಿಲೆ ಬ್ಯಾಡ, ಅರ್ಜಿ ಬರದ ಕೊಟ್ಟ ಕೇಳು. ಕೊಟ್ಟದ್ದಕ್ಕ ಸಿಕ್ಕಾ ಹಾಕಿಸಿಕೊಂಡ ಬಾ.”

ಅರ್ಜಿಯಲ್ಲಿ ಏನು ಬರೆಯಬೇಕೆಂದು ನಾನು ಹೇಳುತ್ತ ಹೋದೆ, ಆ ಕಡೆ ಮಗಳು ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ತಾನೇ ಬರೆದುಕೊಂಡಳು. ಮಂಗಳವಾರ ತಾಯಿ ಮಗಳು ಬೈಲಹೊಂಗಲಕ್ಕೆ ಹೋಗುತ್ತಾರೆ.